ಯಜಮಾನ್ರು ಮನೇಲಿಲ್ಲ

ಜಿಎಸ್‌ಟಿ ಕಾಯ್ದೆಯ 70ನೇ ಸೆಕ್ಷನ್ ಓದಿದರೆ ಮೈಯೆಲ್ಲ ಝುಂ ಎನ್ನುತ್ತದೆ. ವಿಚಾರಣೆಗೆ ಬೇಕೆನಿಸಿದವರನ್ನು ಅಧಿಕಾರಿ ಕರೆಸಬಹುದು, ಸಾಕ್ಷ್ಯ ಹೇಳಿಸಬಹುದು, ಲೆಕ್ಕಪುಸ್ತಕ ತರಿಸಬಹುದು; ಆ ವಿಚಾರಣೆಗೆ ನ್ಯಾಯಾಲಯದ ಕಲಾಪದಷ್ಟೇ ಗತ್ತು. ಇದನ್ನು ಬರೆದ ಪುಣ್ಯಾತ್ಮರು ಲಗ್ಗೆರೆಯಲ್ಲಿ ಒಂದು ಮನೆ ನಂಬರ್ ಹುಡುಕಿದ್ದರೆ ಸ್ವಲ್ಪ ಮೆತ್ತಗೆ ಬರೆಯುತ್ತಿದ್ದರೋ ಏನೋ. ಸಮನ್ಸ್‌ಗೆ ಸಹಿ ಸೂಪರಿಂಟೆಂಡೆಂಟರದ್ದು, ನಡಿಗೆ ನಮ್ಮದು. ನಮ್ಮದು ಅಂದರೆ ಇನ್‌ಸ್ಪೆಕ್ಟರ್ ಆದ ನನ್ನದು ಮತ್ತು ನಮ್ಮ ಹವಾಲ್ದಾರರದ್ದು.

ನಮ್ಮ ಗಿರಾಕಿಗಳು ಹೆಚ್ಚಾಗಿ ಬಿಲ್ ವ್ಯಾಪಾರಿಗಳು. ಅಂಗಡಿ ಇಲ್ಲ, ಗೋಡೌನ್ ಇಲ್ಲ, ಸರಕಂತೂ ಇಲ್ಲವೇ ಇಲ್ಲ. ಬಿಲ್ ಮಾತ್ರ ಇದೆ. ಕಬ್ಬಿಣದ ಗುಜರಿ ಮಾರಿದೆ ಅಂತ ಒಬ್ಬ ಬಿಲ್ ಹರಿಯುತ್ತಾನೆ, ಕೊಂಡುಕೊಂಡೆ ಅಂತ ಇನ್ನೊಬ್ಬ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಎತ್ತುತ್ತಾನೆ. ಗುಜರಿಗೆ ಶೇಕಡಾ 18 ತೆರಿಗೆ. ಕೋಟಿ ರೂಪಾಯಿ ಬಿಲ್ಲಿಗೆ 18 ಲಕ್ಷ, ಒಂದು ಮೊಳೆಯೂ ಜಾಗ ಬಿಟ್ಟು ಅಲ್ಲಾಡದೆ. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ಲಿನಲ್ಲಿ ಬರೆದ ಲಾರಿ ನಂಬರನ್ನು ತೆಗೆದು ನೋಡಿದರೆ ಅದು ಯಾರದೋ ಸ್ಕೂಟರ್. ಬಿಹಾರದ ಮೇವು ಹಗರಣದಲ್ಲಿ ಕಾಗದದ ಮೇಲೆ ದನಗಳನ್ನೇ ಸಾಗಿಸಿದ ವಾಹನಕ್ಕೆ ಗುಜರಿ ಏನು ಮಹಾ ಭಾರ!

2023ರ ಮೇ 16ರಿಂದ ಜುಲೈ 15ರವರೆಗೆ ಇಂಥ ನಕಲಿ ನೋಂದಣಿಗಳನ್ನು ಪತ್ತೆ ಹಚ್ಚಲು ದೇಶಾದ್ಯಂತ ಅಭಿಯಾನ ನಡೆಯಿತಲ್ಲ, ಆಗ ನನಗೆ ಬೆಂಗಳೂರಿನ ನಿಜವಾದ ಭೂಗೋಳ ತಿಳಿಯಿತು. ಈ ಊರಿನಲ್ಲಿ ಮೂರನೇ ಕ್ರಾಸ್ ಇಲ್ಲದ ಬಡಾವಣೆ ಇಲ್ಲ, ಮೂರನೇ ಕ್ರಾಸಿನ ಪಕ್ಕದಲ್ಲೇ ನಾಲ್ಕನೇ ಕ್ರಾಸ್ ಇರಬೇಕೆಂಬ ನಿಯಮವೂ ಇಲ್ಲ. ಪ್ರತಿ ಮನೆಗೂ ಹಳೇ ನಂಬರ್ ಒಂದು, ಹೊಸ ನಂಬರ್ ಒಂದು. ನಮ್ಮ ಕಡತದಲ್ಲಿ ಇರುವುದು ಇವೆರಡರಲ್ಲಿ ಯಾವುದೂ ಅಲ್ಲ. ಇಸ್ತ್ರಿ ಅಂಗಡಿಯವನನ್ನು ಕೇಳಬೇಕು. ಅವನಿಗೆ ಎಲ್ಲ ಗೊತ್ತಿರುತ್ತದೆ. ಆದರೆ ಕೈಯಲ್ಲಿ ಫೈಲ್ ಹಿಡಿದು ಷರ್ಟ್ ಟಕ್ ಮಾಡಿದವರಿಗೆ ಅವನು ಏನನ್ನೂ ಹೇಳುವುದಿಲ್ಲ. ಅದಕ್ಕೆ ನಮ್ಮ ಹವಾಲ್ದಾರರು "ಅಣ್ಣಾ, ಗೃಹಪ್ರವೇಶದ ಪತ್ರಿಕೆ ಕೊಡ್ಬೇಕಿತ್ತು" ಅಂತ ಶುರು ಮಾಡುತ್ತಿದ್ದರು. ಆಮೇಲೆ ಇಡೀ ಬೀದಿಯೇ ದಾರಿ ತೋರಿಸುತ್ತಿತ್ತು.

ಹಾಗೆ ಸಿಕ್ಕ ಒಂದು ವಿಳಾಸದಲ್ಲಿ ಒಂದೇ ಕೋಣೆಯ ಮನೆ, ಮೇಲೆ ಶೀಟು. ಆ ಸಂಸ್ಥೆಯ ವಹಿವಾಟು ನಮ್ಮ ಲೆಕ್ಕದ ಪ್ರಕಾರ 11 ಕೋಟಿ. ಮಾಲೀಕ ಪೇಂಟಿಂಗ್ ಕೆಲಸಕ್ಕೆ ಹೋಗಿದ್ದ. ಲೋನ್ ಕೊಡಿಸ್ತೀನಿ ಅಂದವನೊಬ್ಬನಿಗೆ ಆಧಾರ್, ಪ್ಯಾನ್ ಕೊಟ್ಟು ಮರೆತುಬಿಟ್ಟಿದ್ದ, ಪಾಪ. ಇದು ನಮಗೆ ಹೊಸದಲ್ಲ. ಹೆಂಡತಿಗೆ ಮಾತ್ರ ಹೊಸದು.

"ಹನ್ನೊಂದು ಕೋಟೀನಾ?" ಅಂದಳು ಆಕೆ. "ಮೊನ್ನೆ ಗ್ಯಾಸ್ ಬುಕ್ ಮಾಡೋಕೆ ನನ್ನತ್ರ ಈಸ್ಕೊಂಡ್ರಲ್ಲ ಸಾರ್!"

ಇದು ಮೋಸಗಾರರ ಕೆಲಸ, ನಿಮ್ಮವರದ್ದೇನೂ ತಪ್ಪಿರಲಿಕ್ಕಿಲ್ಲ, ಬಂದು ಹೇಳಿಕೆ ಕೊಟ್ಟರೆ ಸಾಕು ಅಂತ ನಾನು ಬಿಡಿಸಿ ಹೇಳುತ್ತಲೇ ಇದ್ದೆ. ಆಕೆಯ ಕಿವಿಗೆ ಹನ್ನೊಂದು ಕೋಟಿಯ ನಂತರದ್ದು ಯಾವುದೂ ಬೀಳಲಿಲ್ಲ. ಅಷ್ಟರಲ್ಲಿ ಗಂಡ ಬಣ್ಣದ ಡಬ್ಬ ಹಿಡಿದು ಬಂದ. "ಎಲ್ಲಿಟ್ಟಿದೀಯ? ನಿಮ್ಮಕ್ಕನ ಮನೇಲಾ?" ಅಂತ ಶುರುವಾದ ವಿಚಾರಣೆಯನ್ನು ನೋಡಿ ನನಗೆ 70ನೇ ಸೆಕ್ಷನ್ನಿನ ಬಗ್ಗೆ ಇದ್ದ ಗೌರವ ಅರ್ಧ ಇಳಿಯಿತು. ಹತ್ತು ನಿಮಿಷದಲ್ಲಿ ಅವನು 2019ರ ಚೀಟಿ ದುಡ್ಡಿನ ಸಮೇತ ಎಲ್ಲವನ್ನೂ ಒಪ್ಪಿಕೊಂಡ. ನಮಗೆ ಬೇಕಿದ್ದ ಲೋನ್ ಏಜೆಂಟನ ಫೋನ್ ನಂಬರೂ ಅದರಲ್ಲೇ ಸಿಕ್ಕಿತು.

ಏಜೆಂಟನ ಮನೆ ಬೇರೆ ಥರ. ಮೂರು ಮಹಡಿ, ಗೇಟು, ಗೇಟಿನೊಳಗೆ ನಾಯಿ. 169ನೇ ಸೆಕ್ಷನ್ ಪ್ರಕಾರ ಆಸಾಮಿ ಸಿಗದಿದ್ದರೆ ಅವನ ಜೊತೆ ವಾಸವಿರುವ ವಯಸ್ಕ ಸದಸ್ಯರೊಬ್ಬರಿಗೆ ಸಮನ್ಸ್ ಕೊಡಬಹುದು. ನಾವು ಬೆಲ್ ಒತ್ತಿದಾಗ ಒಳಗೆ ಮದುವೆ ಮನೆಯಷ್ಟು ಗದ್ದಲವಿತ್ತು. ಯಾವ ಇಲಾಖೆ ಅಂತ ಹೇಳಿದ ಮೇಲೆ ಆ ಮನೆಯಲ್ಲಿ ವಾಸವಿರುವವರು ಒಬ್ಬರೂ ಉಳಿಯಲಿಲ್ಲ. "ಯಜಮಾನ್ರು ಮನೇಲಿಲ್ಲ" ಅಂದ ಹೆಂಗಸು ತಾನು ಚಿಕ್ಕಮ್ಮ, ಚನ್ನಪಟ್ಟಣದಿಂದ ಬಂದಿದ್ದೇನೆ, ಸಂಜೆ ಬಸ್ಸಿಗೆ ಹೊರಟೆ ಅಂದಳು. ಸೋಫಾದ ಮೇಲೆ ಮೀಸೆ ತಿರುವುತ್ತ ಕೂತಿದ್ದವನನ್ನು "ಅವನಿನ್ನೂ ಮಗು ಸಾರ್" ಅಂದಳು. ನಾವು ನೋಡನೋಡುತ್ತಿದ್ದಂತೆ ಒಂದು ಹಿಂದೂ ಅವಿಭಕ್ತ ಕುಟುಂಬ ವಿಭಕ್ತವಾಯಿತು.

ನಮ್ಮ ಕಾಯ್ದೆ ಎಷ್ಟೋ ವಾಸಿ. ನನ್ನ ಪೊಲೀಸ್ ಗೆಳೆಯನೊಬ್ಬ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಾಲದಲ್ಲಿ ಸಮನ್ಸ್ ಹಿಡಿದು ತಿರುಗಿದವನು. ಅದರ 64ನೇ ಸೆಕ್ಷನ್ನಿನಲ್ಲಿ ಮನೆಯ ವಯಸ್ಕ ಗಂಡಸಿಗೆ ಮಾತ್ರ ಕೊಡಬೇಕೆಂದಿತ್ತು. ಮನೆಯನ್ನೂ ಅಂಗಡಿಯನ್ನೂ ಗಂಡನನ್ನೂ ನಡೆಸುವ ಹೆಂಗಸು ಎದುರಿಗೆ ನಿಂತು ಕೈ ಚಾಚಿದರೂ ಕೊಡುವಂತಿಲ್ಲ. ಒಳಗೆ ಮಲಗಿರುವ ಕುಡುಕ ಮೈದುನನನ್ನು ಎಬ್ಬಿಸಿ ಅವನ ಕೈಗೆ ಕೊಟ್ಟರೆ ಕಾನೂನುಬದ್ಧ. 2024ರ ಜುಲೈ 1ರಂದು ಅದರ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ "ಗಂಡಸು" ಹೋಯಿತು, ವಯಸ್ಕರಾದರೆ ಸಾಕು. ಮನೆಯಾಳಿಗೆ ಕೊಟ್ಟರೆ ನಡೆಯದು ಎಂಬುದು ಮಾತ್ರ ಈಗಲೂ ಹಾಗೇ ಇದೆ. ಅನುಭವದಿಂದ ಹೇಳುತ್ತೇನೆ, ಯಜಮಾನರು ಎಲ್ಲಿದ್ದಾರೆಂದು ಆ ಮನೆಗಳಲ್ಲಿ ಸರಿಯಾಗಿ ಗೊತ್ತಿರುವುದು ಮನೆಕೆಲಸದಾಕೆಗೊಬ್ಬಳಿಗೇ.

ಯಾರೂ ತೆಗೆದುಕೊಳ್ಳದಿದ್ದರೆ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸು ಎನ್ನುತ್ತದೆ ಕಾಯ್ದೆ. ಅಂಟಿಸಿದ್ದಕ್ಕೆ ಅಕ್ಕಪಕ್ಕದ ಇಬ್ಬರ ಸಾಕ್ಷಿ ಸಹಿ ಬೇಕು ಎನ್ನುತ್ತಾರೆ ನಮ್ಮ ಸಾಹೇಬರು. ಅಕ್ಕಪಕ್ಕದವರು ಆ ಮನೆಯ ಇಪ್ಪತ್ತು ವರ್ಷದ ಇತಿಹಾಸ, ಕಾರಿನ ಬೆಲೆ, ಯಾರ ಜೊತೆ ಯಾರು ಓಡಿಹೋದರು ಎಲ್ಲವನ್ನೂ ಹೇಳುತ್ತಾರೆ. ಪೆನ್ನು ಕೊಟ್ಟ ಕ್ಷಣ ಒಲೆ ಮೇಲೆ ಹಾಲಿಟ್ಟ ನೆನಪಾಗುತ್ತದೆ. ಆವತ್ತು ಸಹಿಗಾಗಿ ಬೀದಿಯ ತುದಿಯವರೆಗೂ ಹೋಗಿ ಬರಿಗೈಯಲ್ಲಿ ವಾಪಸ್ ಬರುವಷ್ಟರಲ್ಲಿ ಇನ್ನೊಂದು ಅನಾಹುತ ಕಾದಿತ್ತು. ಕಚೇರಿಯ ಗೋಂದು ಒಣಗಿಹೋಗಿತ್ತೆಂದು ಹವಾಲ್ದಾರರು ಮನೆಯಿಂದ ಮೈದಾ ಅಂಟು ಮಾಡಿಸಿ ತಂದಿದ್ದರು. ಬೆಂಗಳೂರಿನ ಹಸುಗಳಿಗೆ ಮೈದಾ ಅಂಟಿನ ಪೋಸ್ಟರ್ ಎಷ್ಟು ಇಷ್ಟವೆಂದು ನಿಮಗೂ ಗೊತ್ತಿರುತ್ತದೆ.

"ಫೋಟೋ ತೆಗೆದಿದೀರೇನ್ರೀ?" ಅಂದರು ಸಾಹೇಬರು.

ತೆಗೆದಿದ್ದೆವು. ಅದರಲ್ಲಿ ಅರ್ಧ ಸಮನ್ಸ್ ಇತ್ತು, ಅರ್ಧ ಹಸು ಇತ್ತು. ಜಾರಿ ವರದಿಯಲ್ಲಿ ಇಂಥದ್ದಕ್ಕೆ ಕಾಲಂ ಇಲ್ಲ. ಎರಡನೇ ಸಮನ್ಸ್ ಹೊರಡಿಸಿದರು. ನಮ್ಮ ಮೇಲಿನ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ 2022ರ ಆಗಸ್ಟ್ ಸೂಚನೆಯ ಪ್ರಕಾರ ಸಾಮಾನ್ಯವಾಗಿ ಮೂರು ಸಲ ಸಮನ್ಸ್ ಕೊಟ್ಟು ನೋಡಿ ಆಮೇಲೆ ದೂರು ದಾಖಲಿಸಬೇಕು. ದೊಡ್ಡ ಕಂಪನಿಯ ಎಂಡಿ, ಸಿಇಒಗಳಿಗೆ ಮೊದಲ ಸಲಕ್ಕೇ ಸಮನ್ಸ್ ಕಳಿಸಬೇಡಿ ಎಂದೂ ಅದರಲ್ಲಿದೆ. ಅವರ ಮನೆ ನಂಬರ್ ಹುಡುಕುವುದೇ ಸುಲಭ. ಅಲ್ಲಿಗೆ ಮಾತ್ರ ನಮ್ಮನ್ನು ಕಳಿಸುವುದಿಲ್ಲ.

ಇನ್ನೊಂದು ಪೀಡೆಯೂ ಇದೆ. 2019ರ ನವೆಂಬರಿನಿಂದ ನಮ್ಮ ಸಮನ್ಸ್ ಮೇಲೆ ಡಿಐಎನ್ ಅಂತ ಒಂದು ಉದ್ದದ ಸಂಖ್ಯೆ ಇರುತ್ತದೆ, ಅದನ್ನು ಮಂಡಳಿಯ ವೆಬ್‌ಸೈಟಿನಲ್ಲಿ ಹಾಕಿ ಕಾಗದ ಅಸಲಿಯೋ ನಕಲಿಯೋ ನೋಡಬಹುದು. ಚಿಕ್ಕಪೇಟೆಯಲ್ಲಿ ಪಾತ್ರೆ ಅಂಗಡಿಯ ಹಿರಿಯರೊಬ್ಬರಿಗೆ ಸಮನ್ಸ್ ಕೊಡಲು ಹೋಗಿದ್ದೆ. ಅವರ ಮೇಲೆ ಆರೋಪವೇನೂ ಇರಲಿಲ್ಲ, ಒಬ್ಬ ಬಿಲ್ ವ್ಯಾಪಾರಿಯಿಂದ ಸರಕು ಕೊಂಡ ಲೆಕ್ಕ ತೋರಿಸಬೇಕಿತ್ತು, ಅಷ್ಟೆ. ಕಾಫಿ ತರಿಸಿದರು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ನಮ್ಮ ಪ್ರಿಂಟರಿನ ಟೋನರ್ ಮುಗಿಯುತ್ತ ಬಂದಿತ್ತು. ಲಾಂಛನದಲ್ಲಿ ಒಂದು ಸಿಂಹ ಕಂಡೂ ಕಾಣದ ಹಾಗಿತ್ತು.

"ಹೋದ ತಿಂಗಳು ವಾಟ್ಸಾಪಿಗೆ ಒಂದು ಬಂದಿತ್ತು, ನಕಲಿ. ಎಂಥಾ ಕಲರು, ಎರಡೆರಡು ಸೀಲು!" ಅಂದರು. "ನಿಜವಾದ್ದು ಇಷ್ಟು ಗಲೀಜಾಗಿರತ್ತಾ?"

ಡಿಐಎನ್ ಹಾಕಿ ನೋಡಿ ಯಜಮಾನ್ರೇ ಅಂದೆ. ಹಾಕಿದರು. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. 2024ರ ಅಕ್ಟೋಬರ್ 27ರ 'ಮನ್ ಕೀ ಬಾತ್'ನಲ್ಲಿ ಪ್ರಧಾನಿಯವರು ನಮ್ಮ ವಿಜಯಪುರದವರೊಬ್ಬರಿಗೆ ಬಂದ ನಕಲಿ ಪೊಲೀಸರ ಡಿಜಿಟಲ್ ಅರೆಸ್ಟ್ ಕರೆಯನ್ನು ಕೇಳಿಸಿ, ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ ಅಂದಿದ್ದರಲ್ಲ, ಹಿರಿಯರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ನಿಂತರು. ಯೋಚಿಸಿದರು. ಹುಡುಗನಿಗೆ ಕಣ್ಸನ್ನೆ ಮಾಡಿ ಷಟರ್ ಅರ್ಧ ಇಳಿಸಿದರು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಠಾಣೆಗೂ ಫೋನ್ ಹಚ್ಚಿದರು.

ಕಾನ್‌ಸ್ಟೇಬಲ್ ಬರುವಷ್ಟರಲ್ಲಿ ಷಟರಿನ ಕೆಳಗೆ ಬಗ್ಗಿ ನೋಡುವ ತಲೆಗಳು ಸಾಲುಗಟ್ಟಿದ್ದವು. ನನ್ನ ಗುರುತಿನ ಚೀಟಿಯ ಫೋಟೋದಲ್ಲಿ ಕೂದಲಿತ್ತು, ಅದು ನನಗೆ ವಿರುದ್ಧವಾಗಿ ಹೋಯಿತು. ಕಚೇರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ, ಊಟದ ಹೊತ್ತು. "ಸಾಕ್ಷಿ ಯಾರಾದ್ರೂ ಇದೀರೇನ್ರಪ್ಪಾ?" ಅಂತ ಕಾನ್‌ಸ್ಟೇಬಲ್ ಕೇಳಿದ್ದೇ ತಡ, ನಾನು ಸರ್ವೀಸಿನಲ್ಲೇ ಕಾಣದ ದೃಶ್ಯ: ಬಳೆ ಅಂಗಡಿಯವರು, ಹಮಾಲಿಗಳು, ಸೀರೆ ಕೊಳ್ಳಲು ಬಂದಿದ್ದ ಹೆಂಗಸರು, ಎಲ್ಲರೂ ನುಗ್ಗಿ ನುಗ್ಗಿ ಹೆಸರು, ಫೋನ್ ನಂಬರ್ ಬರೆಸಿದರು. ಒಬ್ಬರಂತೂ ನನ್ನನ್ನು ಹೋದ ವಾರವೇ ಮಾಮೂಲ್‌ಪೇಟೆಯಲ್ಲಿ ಅನುಮಾನಾಸ್ಪದವಾಗಿ ಕಂಡಿದ್ದರಂತೆ.

ಆಗ ಚಕ್ರ ನಿಂತಿತು. ಕಾಗದ ಅಸಲಿ ಅಂತ ಪರದೆಯ ಮೇಲೆ ಬಂತು. ಹಿರಿಯರು ಕೈಮುಗಿದು ಇನ್ನೊಂದು ಕಾಫಿ ತರಿಸಿ ಸಮನ್ಸ್ ತೆಗೆದುಕೊಂಡು ಸಹಿ ಹಾಕಿದರು. ನಮ್ಮ ಹವಾಲ್ದಾರರು ಇಂಥ ಸುಗ್ಗಿಯನ್ನು ಬಿಡುವವರಲ್ಲ. ಪೆನ್ನಿನ ಮುಚ್ಚಳ ತೆಗೆದು ಗುಂಪಿನ ಕಡೆ ತಿರುಗಿ, "ಹೆಂಗೂ ಹೆಸರು ಬರ್ಸಿದೀರಲ್ಲ, ಇಲ್ಲೂ ಒಂದು ಸೈನ್ ಹಾಕ್ಬಿಡಿ" ಅಂದರು.

ಬೀದಿ ಕ್ಷಣದಲ್ಲಿ ಖಾಲಿಯಾಯಿತು. ಮಾಮೂಲ್‌ಪೇಟೆಯವರು ಮಾತ್ರ ಕಾನ್‌ಸ್ಟೇಬಲ್ ಬೆನ್ನಿಗೆ ಬಿದ್ದು, ತಮ್ಮ ಹೆಸರು ಹೊಡೆದುಹಾಕುವವರೆಗೂ ಅವರ ಬೈಕ್ ಬಿಡಲಿಲ್ಲ.