ಉಣ್ಣಿಯ ಮೇಲೆ ಅಪನಂಬಿಕೆ, ಇಲ್ಯುಮಿನಾಟಿ ಮೇಲೆ ಭಕ್ತಿ

ನಿನ್ನೆ ಸಿದ್ದಾಪುರದ ಕಡೆ ಒಂದು ಉಪನಯನ. ಅಪ್ಪೆಹುಳಿ ಕುಡಿದು ಕವಳ ಹಾಕಿ ಕೂತದ್ದೇ ತಡ, ಪಕ್ಕದ ಹಿರಿಯರೊಬ್ಬರು ಮೊಬೈಲ್ ತೆಗೆದರು. ಕಾಡಿನ ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆ ತಾನಾಗಿ ಬಂದದ್ದಲ್ಲವಂತೆ. ಇಲ್ಯುಮಿನಾಟಿ ಅಂತ ಗುಪ್ತ ಕೂಟವಂತೆ, ಡಾಲರ್ ನೋಟಿನ ಕಣ್ಣು ಅವರದ್ದೇ ಅಂತೆ, ನಮ್ಮ ಕಾಡಿಗೆ ವೈರಸ್ ಬಿಟ್ಟದ್ದೂ ಅವರೇ ಅಂತೆ. "ನಿಂಗೆ ಗೊತ್ತಿಲ್ಲೆ ಮಾರಾಯ, ಎಲ್ಲಾ ಪ್ಲಾನು!"

ಇದೇ ಪುಣ್ಯಾತ್ಮರು ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ತಂದುಕೊಟ್ಟ, ಉಣ್ಣಿ ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿಟ್ಟವರು. ಅದರಲ್ಲಿ ಏನು ಬೆರೆಸಿದ್ದಾರೋ ಅಂತ ಅನುಮಾನ. ಬಿಸಿಲಲ್ಲಿ ಗುಡ್ಡ ಹತ್ತಿ ಬಂದ ಹೆಂಗಸಿನ ಮಾತು ಸುಳ್ಳು, ಯಾರು ಮಾಡಿದ್ದೆಂದೇ ತಿಳಿಯದ ವಿಡಿಯೋ ವೇದವಾಕ್ಯ. ನನ್ನ ಸಿಟ್ಟು ಇಷ್ಟಕ್ಕೇ.

ಇಲ್ಯುಮಿನಾಟಿ ಇದ್ದದ್ದು ಹೌದು. 1776ರ ಮೇ 1ರಂದು ಬವೇರಿಯಾದಲ್ಲಿ ಆಡಮ್ ವೈಸ್‌ಹೌಪ್ಟ್ ಎಂಬ ಕಾನೂನು ಮೇಷ್ಟ್ರು ಕಟ್ಟಿದ್ದು. ಹತ್ತು ವರ್ಷ ತುಂಬುವ ಮೊದಲೇ ಅಲ್ಲಿನ ದೊರೆ ನಿಷೇಧಿಸಿದ. ನಮ್ಮೂರ ಸೊಸೈಟಿಯ ನಿರ್ದೇಶಕರೇ ಇದಕ್ಕಿಂತ ಹೆಚ್ಚು ಕಾಲ ಕುರ್ಚಿ ಹಿಡಿದಿದ್ದಾರೆ! ಇಲ್ಯುಮಿನಾಟಿಯ ಲಾಂಛನವೂ ಕಣ್ಣಲ್ಲ, ಗೂಬೆ. ಆ ಕಣ್ಣು 1782ರ ಅಮೆರಿಕದ ಮುದ್ರೆಯದು, ಡಾಲರ್ ನೋಟಿಗೆ ಬಂದದ್ದು 1935ರಲ್ಲಿ.

"ಈ ಕಾಯಿಲೆಯ ವಿಷಯದಲ್ಲಿ ಅಮೆರಿಕದವರ ಮೇಲಿನ ಅನುಮಾನ ಸುಮ್ಮನೆ ಹುಟ್ಟಿದ್ದಾ?" ಅಂತ ಕೇಳುವವರಿದ್ದೀರಿ, ಗೊತ್ತು. ಸುಮ್ಮನೆ ಅಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ವೈರಸ್ ರಷ್ಯಾದ ಉಣ್ಣಿಜ್ವರದ ದಾಯಾದಿ ಎಂದು ಕಂಡಿತು. ವಲಸೆ ಹಕ್ಕಿಗಳು ತಂದಿರಬಹುದೇ ಎಂದು ಅವುಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನ ನಡೆಯಿತು. ಅದಕ್ಕೆ ಅಮೆರಿಕದ ಸೇನೆಯ ದುಡ್ಡೂ ಬಂತು, 1970ರ ದಶಕದಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿ ಅದನ್ನು ಕೆದಕಿ ಪ್ರಶ್ನಿಸಿತು. ಕೇಳಬೇಕಾದ್ದೇ. ಆದರೆ ಸ್ವಾಮಿ, ಹಕ್ಕಿಯ ಅಧ್ಯಯನ ಶುರುವಾದದ್ದೇ ಕಾಯಿಲೆ ಬಂದ ಮೇಲೆ! ಸಮಿತಿಯವರು ಕಡತ ತರಿಸಿ ಓದಿದರು, ನಮ್ಮವರು ಫಾರ್ವರ್ಡ್ ಒತ್ತುತ್ತಾರೆ.

ನಂಬುವುದು ಯಾಕೆ ಅಂತಲೂ ನನಗೆ ಗೊತ್ತು. ದೊಡ್ಡಪ್ಪನ ಮನೆಯಲ್ಲಿ ಈ ಜ್ವರಕ್ಕೇ ಒಂದು ಸಾವಾದಾಗ ಯಾರನ್ನಾದರೂ ಹಿಡಿದು ಬೈಯಬೇಕು ಅನ್ನಿಸಿತ್ತು. ಸೊಪ್ಪಿನ ಬೆಟ್ಟಕ್ಕೆ ದರಕು (ಒಣಗಿದ ಎಲೆ) ತರಲು ಹೋದಾಗ ಕಾಲಿಗೆ ಹತ್ತಿದ, ಕಣ್ಣಿಗೂ ಸರಿಯಾಗಿ ಕಾಣದ ಉಣ್ಣಿಮರಿಯನ್ನು ಬೈದರೆ ಹೊಟ್ಟೆ ತಣ್ಣಗಾಗುತ್ತದೆಯೇ? ಅಷ್ಟು ದೊಡ್ಡ ದುಃಖಕ್ಕೆ ಅಷ್ಟೇ ದೊಡ್ಡ ವೈರಿ ಬೇಕು. ಬವೇರಿಯಾ ಆದರೂ ಅಡ್ಡಿಯಿಲ್ಲ.

ಆದರೆ ಈ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆಯಲ್ಲಿ ಸತ್ವ ಸಾಲದು ಅಂತ 2022ರಲ್ಲಿ ನಿಲ್ಲಿಸಿದರಲ್ಲ, ಅದು ಗುಟ್ಟೇ ಅಲ್ಲ. ಸತ್ವ ಕಡಿಮೆ ಎಂದು ತಿಳಿಯಲು ಅಷ್ಟು ವರ್ಷ ಯಾಕೆ ಬೇಕಾಯಿತು ಅಂತ ಪಂಕ್ತಿಯಲ್ಲಿ ಒಬ್ಬರೂ ಕೇಳಲಿಲ್ಲ. ಆರೋಗ್ಯ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಬರೆದಿಟ್ಟಿದ್ದೇನೆ. ಬೇರೆ ಊರಿನಿಂದಲೂ ಹಾಕುವವರಿದ್ದರೆ ಪ್ರತಿ ಕಳಿಸುತ್ತೇನೆ, ಇನ್‌ಬಾಕ್ಸಿಗೆ ಬನ್ನಿ. ವಿಡಿಯೋ ಮಾತ್ರ ಬೇಡ.