ಗುರಿ ಮುಟ್ಟಿತು, ಹೊರೆ ಎಲ್ಲಿಗೆ ಹೋಯಿತು?

ಪ್ರತಿ ವಿಭಾಗವೂ ತನ್ನ ಪಾಲಿನ ಹಸಿರು ಗುರಿ ಮುಟ್ಟಿದರೆ ಸಂಸ್ಥೆ ತಾನಾಗಿಯೇ ಸುಸ್ಥಿರವಾಗುತ್ತದೆ ಎಂದಿದ್ದಾರೆ ಈಚೆಗೆ ನಾನು ಓದಿದ ಲೇಖನವೊಂದರ ಲೇಖಕರು. ನನ್ನ ತಕರಾರು ಇಲ್ಲೇ. ಫ್ರಿಜ್, ಎ.ಸಿ.ಗಳ ಅನಿಲದ ಕಥೆಯನ್ನೇ ನೋಡಿ. ಓಝೋನ್ ಪದರಕ್ಕೆ ಕುತ್ತು ತಂದ ತಂಪುಕಾರಕ ಅನಿಲಗಳಾದ ಸಿಎಫ್‌ಸಿಗಳನ್ನು ಕೈಬಿಡಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಮುಂದೆ ಆ ಜಾಗಕ್ಕೆ ಬಂದ ಬದಲಿ ಅನಿಲಗಳಾದ ಎಚ್‌ಎಫ್‌ಸಿಗಳು ಓಝೋನ್ ತಂಟೆಗೆ ಹೋಗಲಿಲ್ಲ, ನಿಜ. ಆದರೆ ಶಾಖ ಹಿಡಿದಿಡುವುದರಲ್ಲಿ ಅವುಗಳಲ್ಲಿ ಹಲವು ಇಂಗಾಲದ ಡೈಆಕ್ಸೈಡ್‌ಗಿಂತ ನೂರಾರು, ಸಾವಿರಾರು ಪಟ್ಟು ಜೋರು! ಅವನ್ನೂ ಇಳಿಸಲು 2016ರಲ್ಲಿ ದೇಶಗಳು ರುವಾಂಡಾದ ಕಿಗಾಲಿಯಲ್ಲಿ ಮತ್ತೆ ಮಾತುಕತೆಗೆ ಕೂರಬೇಕಾಯಿತು. ಓಝೋನ್ ಒಂದನ್ನೇ ನೋಡಿದರೆ ಮೊದಲಿನ ನಿರ್ಧಾರದಲ್ಲಿ ಯಾವ ತಪ್ಪೂ ಇರಲಿಲ್ಲ.

ಕಚೇರಿಗಳಲ್ಲೂ ಇದೇ ಪಾಡು. ಖರೀದಿ ವಿಭಾಗ ಅಗ್ಗದ ಪಂಪು ತಂದು ಉಳಿತಾಯ ತೋರಿಸುತ್ತದೆ, ಅದು ವರ್ಷಗಟ್ಟಲೆ ನುಂಗುವ ಕರೆಂಟು ಇನ್ನೊಬ್ಬರ ಲೆಕ್ಕಕ್ಕೆ. ಹೊಗೆ ಕಾರುವ ಕೆಲಸವನ್ನೇ ಹೊರಗುತ್ತಿಗೆಗೆ ಕೊಟ್ಟು ‘ನಮ್ಮ ಮಾಲಿನ್ಯ ಇಳಿಯಿತು’ ಎನ್ನುವವರೂ ಉಂಟು (ಅದಕ್ಕೆ ಚಪ್ಪಾಳೆ ಬೇರೆ). ಮ್ಯಾನೇಜರುಗಳನ್ನಷ್ಟೇ ಬೈದು ಪ್ರಯೋಜನವಿಲ್ಲ. ಬೋನಸ್ಸನ್ನು ಒಂದು ವರ್ಷದ ಅಂಕಿಗೆ ಕಟ್ಟಿಹಾಕಿ, ಹತ್ತು ವರ್ಷ ಮುಂದೆ ನೋಡು ಎಂದರೆ ಯಾರು ನೋಡುತ್ತಾರೆ? ಆ ಲೇಖಕರ ಅಷ್ಟುದ್ದದ ಲೇಖನದಲ್ಲಿ ಬೋನಸ್ಸಿನ ಮಾತೇ ಇಲ್ಲ.