ಬೀರು ಕೊಳ್ಳುವ ಮೊದಲು ಸೀರೆ ಅಳೆಯಿರಿ

ಹೋದ ವರ್ಷ ಆಷಾಢದಲ್ಲಿ ಅಮ್ಮನ ಧಾರೆ ಸೀರೆ ಹೊರಗೆ ತೆಗೆದಾಗ ಕಣ್ಣಲ್ಲಿ ನೀರು ಬಂತು. ಮಡಿಕೆಯುದ್ದಕ್ಕೂ ಬಿಳಿ ಬೂಷ್ಟು. ಬೀರುವಿನ ಹಿಂದಿನ ಹಲಗೆ ಉಬ್ಬಿತ್ತು. ಬೆರಳಿಟ್ಟರೆ ನೆನೆದ ಬಿಸ್ಕತ್ತಿನ ಹಾಗೆ ಉದುರುತ್ತಿತ್ತು. ಮೂರು ವರ್ಷದ ಹಿಂದೆ ಪೆಟ್ಟಿಗೆಯಲ್ಲಿ ಬಂದಿದ್ದ ಬೀರು ಅದು, ನಾವೇ ಸ್ಕ್ರೂ ಹಾಕಿ ಜೋಡಿಸಿದ್ದೆವು. ನಮ್ಮೂರು ಸಾಗರದ ಮಳೆಗೆ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಪುಡಿ ಅಂಟಿಸಿ ಒತ್ತಿ ಮಾಡಿದ ಹಲಗೆ, ತಡೆಯೋದಿಲ್ಲ ಅಂತ ಮಾರಿದವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ನಮ್ಮ ಕೋಣೆಯಲ್ಲಿ ಬೀರುವೇ ಇಲ್ಲ. ಗೋಡೆಗೆ ಸ್ಲಾಟ್ ಚಾನೆಲ್ (ಉದ್ದಕ್ಕೂ ಸೀಳುಗಳಿರುವ ಲೋಹದ ಪಟ್ಟಿ) ಹೊಡೆದು, ಆ ಸೀಳಿಗೆ ಬ್ರಾಕೆಟ್ ಸಿಕ್ಕಿಸಿ, ಮೇಲೆ ಪ್ಲೈವುಡ್ ಹಲಗೆ ಇಟ್ಟಿದ್ದೇವೆ. ಒಂದು ಮಳೆಗಾಲ ಪೂರ್ತಿ ಕಳೆಯಿತು. ಬೂಷ್ಟು ಬಂದಿಲ್ಲ. ಸ್ವಂತ ಕೈಯಲ್ಲಿ ಬಟ್ಟೆ ಜಾಗ ಮಾಡ್ಕೋಬೇಕು ಅನ್ನುವವರಿಗೆ, ಅದರಲ್ಲೂ ಮಲೆನಾಡಿನವರಿಗೆ, ನಾನು ಇದನ್ನೇ ಹೇಳುತ್ತೇನೆ.

ಮೊದಲು ಅಂಗಡಿಗೆ ಹೋಗಬೇಡಿ. ಇರುವ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿಯಿರಿ. ನಾನು ಒಂದು ಭಾನುವಾರ ಹಾಗೇ ಮಾಡಿದೆ. ಸೀರೆಯೇ 62. ಪಂಚೆ, ಹೊದಿಕೆ, ದಿಂಬಿನ ಕವರು, ಮಕ್ಕಳ ಬಟ್ಟೆ ಬೇರೆ. ನೇತುಹಾಕಲೇಬೇಕು ಅನ್ನುವಂಥದ್ದು 14 ಮಾತ್ರ! ಆದರೆ ಹಳೆ ಬೀರುವಿನ ಅರ್ಧ ಜಾಗ ಹ್ಯಾಂಗರ್ ರಾಡಿಗೇ ಹೋಗಿತ್ತು. ನಮ್ಮದು ಮಡಚಿಡುವ ಮನೆ. ನಿಮ್ಮದೂ ಹಾಗೇ ಅಲ್ವಾ?

ಇಲ್ಲಿ ಅಳತೆ ಮುಖ್ಯ. ಹ್ಯಾಂಗರ್ ಅಗಲ 17-18 ಇಂಚು ಇರುತ್ತದೆ, ಹಾಗಾಗಿ ನೇತುಹಾಕುವ ಕಡೆ 22ರಿಂದ 24 ಇಂಚು ಆಳ ಬೇಕೇ ಬೇಕು. ಮಡಚಿದ ಸೀರೆಗೆ 16 ಇಂಚು ಸಾಕು. ಆಳ ಜಾಸ್ತಿ ಆದರೆ ಹಿಂದೊಂದು ಸಾಲು, ಮುಂದೊಂದು ಸಾಲು ಆಗುತ್ತದೆ. ಹಿಂದಿನದು ನೆನಪಿನಿಂದಲೇ ಹೋಗುತ್ತದೆ. ಗಾಳಿ ಆಡದೆ ಬೂಷ್ಟು ಹಿಡಿಯೋದು ಅಲ್ಲೇ.

16 ಇಂಚಿಗೆ ಇನ್ನೊಂದು ಅನುಕೂಲ ಇದೆ. ಪ್ಲೈವುಡ್ ಶೀಟು 8 ಅಡಿ ಉದ್ದ, 4 ಅಡಿ ಅಗಲ. ಉದ್ದಕ್ಕೆ ಸೀಳಿಸಿದರೆ ಮೂರು ಪಟ್ಟಿ, ಅಡ್ಡ ಕತ್ತರಿಸಿದರೆ 4 ಅಡಿಯ ಆರು ಹಲಗೆ. ಗರಗಸಕ್ಕೆ ಹೋಗುವ ಒಂದೆರಡು ನೂಲು ಬಿಟ್ಟರೆ ಏನೂ ದಂಡವಿಲ್ಲ. ಅಂಗಡಿಯಲ್ಲೇ ಕತ್ತರಿಸಿಕೊಟ್ಟರು. 18 ಎಂಎಂ ತಗೊಳ್ಳಿ, ಬಿಡಬ್ಲ್ಯುಆರ್ ಅಂತ ಕೇಳಿ, ಅಂದರೆ ಕುದಿಯುವ ನೀರನ್ನೂ ತಡೆಯುವ ಪ್ಲೈವುಡ್. ಹಲಗೆ ಮೇಲೆ ಐಎಸ್‌ಐ ಮುದ್ರೆ ಇದೆಯಾ ಅಂತ ಕಣ್ಣಾರೆ ನೋಡಿ. ಅಂಚಿಗೆ ಎರಡು ಕೋಟು ಬಣ್ಣ ಹೊಡೆಯಿರಿ, ನೀರು ಎಳೆಯೋದು ಅಂಚಿನಿಂದಲೇ. ಅಟ್ಟದಲ್ಲಿ ಹಳೆ ಹಲಸಿನ ಹಲಗೆ ಬಿದ್ದಿದ್ದರೆ ಪ್ಲೈವುಡ್ಡೂ ಬೇಡ, ಅದನ್ನೇ ಇಳಿಸಿ.

ಗೋಡೆ ಕೆಲಸಕ್ಕೆ ತಾಳ್ಮೆ ಬೇಕು. ನಮ್ಮದು ಜಂಬಿಟ್ಟಿಗೆ ಗೋಡೆ. ಡ್ರಿಲ್ ಇಟ್ಟರೆ ಗಾರೆ ದಾಟಿದ ತಕ್ಷಣ ಸರ್ ಅಂತ ಒಳಗೆ ಹೋಗಿ ಕೆಂಪು ಪುಡಿ ಸುರಿಯುತ್ತದೆ. ಮೊದಲು ಹಾಕಿದ ಪ್ಲಗ್ಗು ಕೈಯಲ್ಲೇ ಎದ್ದು ಬಂತು. ಉದ್ದದ ಪ್ಲಗ್ಗು, ಉದ್ದದ ಸ್ಕ್ರೂ ತಂದು ಹಾಕಿದ ಮೇಲೆ ಗಟ್ಟಿಯಾಯಿತು. ಒಂದು ಹಲಗೆಗೆ ಎರಡು ಚಾನೆಲ್ ಸಾಲದು, ಮೂರು ಹಾಕಿ. ಅಮ್ಮನ ಒಂದು ಸೀರೆ ತೂಗಿದರೆ ಮುಕ್ಕಾಲು ಕೆಜಿ ಬಂತು. ಅಂಥ ಇಪ್ಪತ್ತು ಸೀರೆ ಅಂದರೆ 15 ಕೆಜಿ! ಮೂರೂ ಚಾನೆಲ್ಲಿನ ತಲೆ ಒಂದೇ ಮಟ್ಟಕ್ಕಿರಲಿ, ಇಲ್ಲದಿದ್ದರೆ ಹಲಗೆ ಓರೆಯಾಗುತ್ತದೆ. ನಾವು ಗಾರೆಯವರ ಹಾಗೆ ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ನೋಡಿದೆವು.

ಬಾಗಿಲು ಹಾಕಿಸಿಲ್ಲ. ಧೂಳಿಗೆ ಹತ್ತಿಯ ಪರದೆ ಇದೆ. ಚಾನೆಲ್ ಇರುವುದರಿಂದ ಹಲಗೆಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು ಉಳಿದಿದೆ. ಅದನ್ನು ಮುಚ್ಚಬೇಡಿ, ಗಾಳಿ ಆಡಲಿ.

ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಲೇಬೇಡಿ. ಅಮ್ಮ ಹಳೆ ಪಂಚೆ ಹರಿದು ಸುತ್ತಿಟ್ಟಿದ್ದಾರೆ, ನಡುವೆ ಲಾವಂಚದ ಬೇರು. ನುಸಿಗುಳಿಗೆ ಇಡೋದಾದರೆ ಜರಿಗೆ ತಾಗದ ಹಾಗೆ ಇಡಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸೋದು ಅಮ್ಮನದೇ ಕೆಲಸ. ಧಾರೆ ಸೀರೆ ಎರಡನೇ ಹಲಗೆಯಲ್ಲಿದೆ, ಅವರ ಕೈಗೆ ಎಟುಕುವ ಎತ್ತರದಲ್ಲಿ.

ಸಾಗರದ ಸುತ್ತಮುತ್ತ ಇರುವವರು ಯಾರಾದರೂ ಮಾಡ್ತೀರಾದರೆ ಹೇಳಿ. ಡ್ರಿಲ್ಲೂ ಇದೆ, ಮಟ್ಟ ನೋಡುವ ಪೈಪೂ ಇದೆ. ಬಂದು ತಗೊಂಡು ಹೋಗಿ.